ಚಾರ್ಜರ್ ಬೆಚ್ಚಗಾಗುವುದಕ್ಕೂ ನೂರು ವರ್ಷ ಹಳೆಯ ರೇಡಿಯೊಗೂ ಏನು ಸಂಬಂಧ? ಅರ್ನ್‌ಸ್ಟ್ ಅಲೆಕ್ಸಾಂಡರ್ಸನ್ ಬದುಕಿನ ಕಥೆ

ಫೋನ್ ಚಾರ್ಜ್‌ಗೆ ಹಾಕಿದ ಹತ್ತು ನಿಮಿಷದ ಮೇಲೆ ಚಾರ್ಜರ್ ಮುಟ್ಟಿ ನೋಡಿ. ಸ್ವಲ್ಪ ಬೆಚ್ಚಗಿರುತ್ತದೆ. ಗೋಡೆಯ ಪ್ಲಗ್‌ನಿಂದ ಬಂದ ಕರೆಂಟ್‌ನಲ್ಲಿ ಒಂದು ಪಾಲು ಫೋನಿಗೆ ತಲುಪದೆ ದಾರಿಯಲ್ಲೇ ಬಿಸಿಯಾಗಿ ಹೋಗುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಕರೆಂಟನ್ನು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಾಯಿಸುವಾಗ ಈ ನಷ್ಟ ಪೂರ್ತಿಯಾಗಿ ತಪ್ಪುವುದಿಲ್ಲ. ಅದನ್ನು ಎಷ್ಟು ಕಡಿಮೆ ಮಾಡಬಹುದು ಎಂಬುದೇ ಪ್ರಶ್ನೆ.

ಇದೇ ಪ್ರಶ್ನೆಯನ್ನು 120 ವರ್ಷಗಳ ಹಿಂದೆ ರೇಡಿಯೊ ಸಲುವಾಗಿ ಕೈಗೆತ್ತಿಕೊಂಡು, ಬದುಕಿನ ಬಹುಪಾಲನ್ನು ಅದಕ್ಕೇ ಕೊಟ್ಟವರು ಅರ್ನ್‌ಸ್ಟ್ ಅಲೆಕ್ಸಾಂಡರ್ಸನ್. ರೇಡಿಯೊ ಕಂಡುಹಿಡಿದವರು ಯಾರು ಎಂಬ ಫಾರ್ವರ್ಡ್‌ಗಳು ನಿಮಗೂ ಬಂದಿರುತ್ತವೆ. ಒಂದರಲ್ಲಿ ಮಾರ್ಕೋನಿ, ಇನ್ನೊಂದರಲ್ಲಿ ಟೆಸ್ಲಾ, ಮತ್ತೊಂದರಲ್ಲಿ ನಮ್ಮ ಜಗದೀಶಚಂದ್ರ ಬೋಸ್. ಮೂವರ ಕೆಲಸವೂ ನಿಜವೇ. ಆದರೆ ತಂತಿಯಿಲ್ಲದೆ ಟಿಕ್ ಟಿಕ್ ಸದ್ದು ಕಳಿಸುವುದಕ್ಕೂ ಮನುಷ್ಯನ ಮಾತನ್ನು ಕಳಿಸುವುದಕ್ಕೂ ನಡುವೆ ದೊಡ್ಡದೊಂದು ಕಂದಕ ಇತ್ತು. ಅದನ್ನು ದಾಟಲು ಯಂತ್ರ ಕಟ್ಟಿಕೊಟ್ಟವರ ಹೆಸರು ಆ ಫಾರ್ವರ್ಡ್‌ಗಳಲ್ಲಿ ಕಾಣುವುದು ಅಪರೂಪ. ಹಾಗಾಗಿ ಈ ಸಲ ಅವರ ಕಥೆ ಹೇಳುತ್ತಿದ್ದೇವೆ.

ಹಳೆಯ ಭಾಷೆಗಳ ಮನೆಯಿಂದ ಯಂತ್ರಗಳ ಊರಿಗೆ

ಅಲೆಕ್ಸಾಂಡರ್ಸನ್ ಹುಟ್ಟಿದ್ದು 1878ರ ಜನವರಿ 25ರಂದು, ಸ್ವೀಡನ್ ದೇಶದ ಉಪ್ಸಲಾದಲ್ಲಿ. ತಂದೆ ಪ್ರಾಚೀನ ಭಾಷೆಗಳ ಪ್ರಾಧ್ಯಾಪಕರು. ಮಗನ ಮನಸ್ಸು ಮಾತ್ರ ಯಂತ್ರಗಳ ಕಡೆಗಿತ್ತು. ಸ್ಟಾಕ್‌ಹೋಮ್‌ನಲ್ಲಿ ಎಂಜಿನಿಯರಿಂಗ್ ಮುಗಿಸಿ, ಮುಂದೆ ಬರ್ಲಿನ್‌ಗೆ ಹೋಗಿ ಕಲಿತರು.

ಆಗ ಕರೆಂಟ್ ಜಗತ್ತಿನಲ್ಲಿ ದೊಡ್ಡ ಹೆಸರು ಚಾರ್ಲ್ಸ್ ಸ್ಟೈನ್‌ಮೆಟ್ಜ್. ಎಸಿ ಕರೆಂಟ್‌ನ ಲೆಕ್ಕಾಚಾರಗಳನ್ನು ಎಂಜಿನಿಯರ್‌ಗಳು ದಿನನಿತ್ಯ ಬಳಸುವಂತೆ ಸರಳಗೊಳಿಸಿದ ಗಣಿತಜ್ಞ ಅವರು. ಅವರ ಪುಸ್ತಕ ಓದಿ ಮರುಳಾದ ಯುವಕ 1901ರಲ್ಲಿ ಅಮೆರಿಕಕ್ಕೆ ಹೊರಟರು. ಮರುವರ್ಷ ಸ್ಟೈನ್‌ಮೆಟ್ಜ್ ಇದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಗೇ ಸೇರಿದರು. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಎಂಬ ಆ ಕಂಪನಿಯ ಊರೇ ಕೊನೆಯವರೆಗೂ ಅವರ ಊರಾಯಿತು.

ಗಂಟೆಯ ಹೊಡೆತ ಮತ್ತು ಶ್ರುತಿಪೆಟ್ಟಿಗೆ

ಆ ಕಾಲದ ರೇಡಿಯೊ ಕಿಡಿಯಿಂದ ನಡೆಯುತ್ತಿತ್ತು. ಎರಡು ಲೋಹದ ತುದಿಗಳ ನಡುವೆ ಕಿಡಿ ಹಾರಿಸಿದರೆ ಒಂದು ಅಲೆ ಏಳುತ್ತದೆ, ಕ್ಷಣದಲ್ಲೇ ಕುಗ್ಗಿ ಇಲ್ಲವಾಗುತ್ತದೆ. ದೇವಸ್ಥಾನದ ಗಂಟೆಯನ್ನು ಒಮ್ಮೆ ಬಾರಿಸಿದ ಹಾಗೆ. ಉದ್ದ ಹೊಡೆತ, ಗಿಡ್ಡ ಹೊಡೆತ ಸೇರಿಸಿ ಮೋರ್ಸ್ ಸಂಕೇತ ಕಳಿಸಲು ಇಷ್ಟು ಸಾಕು. ಆದರೆ ಇದರಲ್ಲಿ ಎರಡು ತೊಂದರೆಗಳಿದ್ದವು. ಕಿಡಿಯ ಶಕ್ತಿ ಒಂದೇ ಆವರ್ತನದಲ್ಲಿ ನಿಲ್ಲದೆ ಅಕ್ಕಪಕ್ಕಕ್ಕೆಲ್ಲ ಚೆಲ್ಲುತ್ತಿತ್ತು. ಹತ್ತಿರದ ಎರಡು ಕೇಂದ್ರಗಳು ಒಟ್ಟಿಗೆ ಕಿಡಿ ಹಾರಿಸಿದರೆ ಎರಡೂ ಕೆಡುತ್ತಿದ್ದವು. ಎರಡನೆಯದಾಗಿ, ಮಾತನ್ನು ಹೊರುವಂಥ ನಿರಂತರ ಅಲೆಯೇ ಅಲ್ಲಿರಲಿಲ್ಲ.

ಮಾತು ಕಳಿಸಲು ಬೇಕಾದದ್ದು ಗಂಟೆಯಲ್ಲ, ಶ್ರುತಿಪೆಟ್ಟಿಗೆ. ನಿಲ್ಲದೆ, ಏರಿಳಿಯದೆ ಒಂದೇ ಸಮನೆ ಹರಿಯುವ ಅಲೆ. ಅದರ ಮೇಲೆ ಮನುಷ್ಯನ ದನಿಯನ್ನು ಕೂರಿಸಿ ಕಳಿಸಬಹುದು ಎಂದು ನಂಬಿದ್ದವರು ಕೆನಡಾ ಮೂಲದ ರೆಜಿನಾಲ್ಡ್ ಫೆಸೆಂಡನ್. ಅವರು ಜನರಲ್ ಎಲೆಕ್ಟ್ರಿಕ್‌ಗೆ ಒಂದು ಬೇಡಿಕೆ ಇಟ್ಟರು: ಸೆಕೆಂಡಿಗೆ ಒಂದು ಲಕ್ಷ ಸಲ ದಿಕ್ಕು ಬದಲಿಸಿ ಮರಳುವ ಕರೆಂಟ್ ಕೊಡುವ ಜನರೇಟರ್ ಬೇಕು.

ನಮ್ಮ ಮನೆಗೆ ಬರುವ ಕರೆಂಟ್ ಸೆಕೆಂಡಿಗೆ 50 ಆವರ್ತ ಮಾಡುತ್ತದೆ. ಅದರ 2,000 ಪಟ್ಟು ವೇಗ ಬೇಕೆಂದರೆ ಹೇಗೆ? ಈ ಕೆಲಸ 1904ರಲ್ಲಿ ಅಲೆಕ್ಸಾಂಡರ್ಸನ್ ಪಾಲಿಗೆ ಬಂತು.

ಮೂರು ಶತ್ರುಗಳು

ಸಾಮಾನ್ಯ ಜನರೇಟರ್‌ನಲ್ಲಿ ತಿರುಗುವ ಭಾಗಕ್ಕೆ ತಂತಿ ಸುತ್ತಿರುತ್ತಾರೆ. ಅಲೆಕ್ಸಾಂಡರ್ಸನ್ ಯಂತ್ರದಲ್ಲಿ ತಿರುಗುವುದು ಬರೀ ಒಂದು ಉಕ್ಕಿನ ಚಕ್ರ. ಅದರ ಅಂಚಿನಲ್ಲಿ ಬಾಚಣಿಗೆಯಂತೆ ಹಲ್ಲುಗಳು. ಪ್ರತಿ ಹಲ್ಲು ಹಾದುಹೋದಾಗ ಪಕ್ಕದ ಸುರುಳಿಗಳಲ್ಲಿನ ಕಾಂತಕ್ಷೇತ್ರ ಹೆಚ್ಚುತ್ತದೆ, ಹಲ್ಲು ದಾಟಿದೊಡನೆ ತಗ್ಗುತ್ತದೆ. ಈ ಏರಿಳಿತವೇ ಸುರುಳಿಯಲ್ಲಿ ಎಸಿ ಕರೆಂಟ್ ಹುಟ್ಟಿಸುತ್ತದೆ. ಲೆಕ್ಕ ಸುಲಭ. 300 ಹಲ್ಲುಗಳಿರುವ ಚಕ್ರ ನಿಮಿಷಕ್ಕೆ 20,000 ಸುತ್ತು ತಿರುಗಿದರೆ ಸೆಕೆಂಡಿಗೆ ಒಂದು ಲಕ್ಷ ಆವರ್ತ ಸಿಗುತ್ತದೆ.

ಕಾಗದದ ಮೇಲೆ ಸುಲಭವಾದದ್ದು ಕಾರ್ಖಾನೆಯಲ್ಲಿ ಸುಲಭವಿರಲಿಲ್ಲ. ಮೊದಲನೆಯ ಶತ್ರು ವೇಗವೇ. ಆ ಚಕ್ರದ ಅಂಚು ಗಂಟೆಗೆ ಸಾವಿರ ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಓಡುತ್ತದೆ, ಹೆಚ್ಚುಕಡಿಮೆ ಶಬ್ದದ ವೇಗ. ಉಕ್ಕೇ ಸಿಡಿದು ಚೂರಾಗಬಹುದು. ಅದಕ್ಕೆ ಚಕ್ರವನ್ನು ನಡುವೆ ದಪ್ಪವಾಗಿ, ಅಂಚಿಗೆ ಹೋದಂತೆ ತೆಳುವಾಗಿ ಮಾಡಿದರು. ಎರಡನೆಯ ಶತ್ರು ಗಾಳಿ. ಹಲ್ಲುಗಳ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡರೆ ಚಕ್ರ ಫ್ಯಾನ್‌ನಂತೆ ಗಾಳಿ ಬೀಸುತ್ತಾ ಶಕ್ತಿ ಕಳೆದುಕೊಳ್ಳುತ್ತದೆ. ಸಂದಿಗಳಿಗೆ ಕಾಂತಕ್ಕೆ ಅಂಟದ ಲೋಹ ತುಂಬಿ ನುಣ್ಣಗೆ ಮಾಡಿದರು.

ಮೂರನೆಯದು ಬಿಸಿ, ನಮ್ಮ ಕಥೆಯ ಮುಖ್ಯ ಶತ್ರು. ಕಾಂತಕ್ಷೇತ್ರ ಬೇಗ ಬೇಗ ಬದಲಾದಾಗ ಕಬ್ಬಿಣದೊಳಗೇ ಸಣ್ಣ ಸುಳಿಗಳಂತೆ ಕರೆಂಟ್ ಸುತ್ತತೊಡಗುತ್ತದೆ. ಇದು ಯಾರಿಗೂ ಉಪಯೋಗಕ್ಕೆ ಬಾರದ ಕರೆಂಟ್, ಕಬ್ಬಿಣವನ್ನು ಕಾಯಿಸುವುದಷ್ಟೇ ಅದರ ಕೆಲಸ. ಇಂಡಕ್ಷನ್ ಒಲೆಯ ಮೇಲೆ ಪಾತ್ರೆ ಕಾಯುವುದೂ ಇದರಿಂದಲೇ. ಒಲೆಯಲ್ಲಿ ಅದು ವರ, ಜನರೇಟರ್‌ನಲ್ಲಿ ಶಾಪ. ಆವರ್ತನ ಏರಿದಂತೆ ಈ ನಷ್ಟ ಬಲು ವೇಗವಾಗಿ ಏರುತ್ತದೆ.

ಕಬ್ಬಿಣ ಬೇಡವೇ ಬೇಡ, ಸುರುಳಿ ಕೂರಿಸಲು ಮರವನ್ನೇ ಬಳಸಿ ಎಂದು ಫೆಸೆಂಡನ್ ಹಟ ಹಿಡಿದರು. ಕಬ್ಬಿಣವನ್ನು ಕಾಗದದಷ್ಟು ತೆಳ್ಳಗಿನ ಹಾಳೆಗಳಾಗಿ ಮಾಡಿ ಒಂದರಿಂದೊಂದನ್ನು ಬೇರ್ಪಡಿಸಿ ಜೋಡಿಸಿದರೆ ಸುಳಿಗಳಿಗೆ ಸುತ್ತಲು ಜಾಗವೇ ಇರುವುದಿಲ್ಲ ಎಂಬುದು ಅಲೆಕ್ಸಾಂಡರ್ಸನ್ ವಾದ. ಗಿರಾಕಿ ಕೇಳಿದಂತೆ ಮೊದಲ ಯಂತ್ರವನ್ನು ಮರದಲ್ಲೇ ಮಾಡಿಕೊಟ್ಟರು. ಅದು 1906ರಲ್ಲಿ ಫೆಸೆಂಡನ್ ಕೈಸೇರಿತು. ಒಂದು ಲಕ್ಷ ಆವರ್ತ ಮುಟ್ಟದಿದ್ದರೂ ಮಾತು ಕಳಿಸಲು ಸಾಕಾಗುವಷ್ಟು ಕೆಲಸ ಮಾಡಿತು. ಮುಂದೆ ಕಬ್ಬಿಣದ ತೆಳು ಹಾಳೆಗಳ ಯಂತ್ರಗಳು ಬಂದವು, ಅಲೆಕ್ಸಾಂಡರ್ಸನ್ ವಾದವೇ ಗೆದ್ದಿತು.

ಫಾರ್ವರ್ಡ್ ಪರಿಶೀಲನೆ: 1906ರ ಕ್ರಿಸ್‌ಮಸ್ ಹಿಂದಿನ ರಾತ್ರಿ

ಪ್ರತಿ ಡಿಸೆಂಬರ್‌ನಲ್ಲಿ ಒಂದು ಸುಂದರ ಸಂದೇಶ ಹರಿದಾಡುತ್ತದೆ. 1906ರ ಡಿಸೆಂಬರ್ 24ರಂದು ಫೆಸೆಂಡನ್ ಈ ಯಂತ್ರದಿಂದ ಪಿಟೀಲು ನುಡಿಸಿ, ಹಾಡಿ, ಜಗತ್ತಿನ ಮೊದಲ ರೇಡಿಯೊ ಕಾರ್ಯಕ್ರಮ ಕೊಟ್ಟರು, ಹಡಗುಗಳಲ್ಲಿದ್ದ ಆಪರೇಟರ್‌ಗಳು ಕೇಳಿ ಬೆರಗಾದರು ಎಂಬುದು ಅದರ ಸಾರ.

ನಮಗೆ ಕಂಡದ್ದು ಇಷ್ಟು. ಈ ಕಥೆಯ ಮೂಲ ಫೆಸೆಂಡನ್ ಅವರೇ 1932ರಲ್ಲಿ, ಅಂದರೆ 25 ವರ್ಷಗಳ ಮೇಲೆ, ಬರೆದ ಒಂದು ಪತ್ರ. ಆ ಕಾಲದ ಹಡಗುಗಳ ದಾಖಲೆಗಳನ್ನು ಹುಡುಕಿದ ಸಂಶೋಧಕರಿಗೆ ಇದಕ್ಕೆ ಸಾಕ್ಷಿ ಸಿಕ್ಕಿಲ್ಲ. ಆದರೆ ಅದಕ್ಕೆ ಮೂರು ದಿನ ಮುಂಚೆ, ಡಿಸೆಂಬರ್ 21ರಂದು, ಮ್ಯಾಸಚೂಸೆಟ್ಸ್‌ನ ಬ್ರ್ಯಾಂಟ್ ರಾಕ್‌ನಲ್ಲಿ ಅತಿಥಿಗಳ ಮುಂದೆ ತಂತಿಯಿಲ್ಲದ ಮಾತಿನ ಪ್ರದರ್ಶನ ನಡೆದದ್ದಕ್ಕೆ ದಾಖಲೆ ಇದೆ. ಹಾಗಾಗಿ ಮಾತು ಹೋದದ್ದು ನಿಜ, ಆ ರಾತ್ರಿಯ ಕಾರ್ಯಕ್ರಮ ಸಾಬೀತಾಗಿಲ್ಲ.

ಗಿರಣಿಗೆ ರಾಗಿ ಸುರಿದಾಗ

ಯಂತ್ರ ದೊಡ್ಡದಾದಂತೆ ಹೊಸ ತೊಡಕುಗಳು ಬಂದವು. ಹಿಟ್ಟಿನ ಗಿರಣಿಯಲ್ಲಿ ನಿಂತವರಿಗೆ ಇದು ಗೊತ್ತು: ರಾಗಿ ಸುರಿದ ಕೂಡಲೇ ಮೋಟಾರ್ ಸದ್ದು ಸ್ವಲ್ಪ ಕುಗ್ಗುತ್ತದೆ. ಹೊರೆ ಬಿದ್ದರೆ ವೇಗ ತಗ್ಗುವುದು ಸಹಜ. ಗಿರಣಿಯಲ್ಲಿ ಅದರಿಂದ ತೊಂದರೆಯಿಲ್ಲ. ರೇಡಿಯೊ ಜನರೇಟರ್‌ನಲ್ಲಿ ವೇಗ ತುಸು ತಗ್ಗಿದರೂ ಆವರ್ತನ ಬದಲಾಗಿ, ಸಾಗರದಾಚೆ ಕೇಳುತ್ತಿರುವವರ ಕೈತಪ್ಪಿ ಹೋಗುತ್ತದೆ. ಮೋರ್ಸ್ ಕೀಲಿ ಒತ್ತಿದಾಗಲೆಲ್ಲ ಹೊರೆ ಏರುತ್ತದೆ, ಬಿಟ್ಟಾಗಲೆಲ್ಲ ಇಳಿಯುತ್ತದೆ. ಇದರ ನಡುವೆಯೂ ವೇಗ ಅಲುಗದಂತೆ ಹಿಡಿದಿಡುವ ನಿಯಂತ್ರಕವನ್ನು ಅಲೆಕ್ಸಾಂಡರ್ಸನ್ ರೂಪಿಸಿದರು.

ಎರಡನೆಯ ತೊಡಕು: ಟೆಲಿಫೋನಿನಿಂದ ಬರುವ ಸಣ್ಣ ಕರೆಂಟ್ ಆಂಟೆನಾಗೆ ಹೋಗುವ ಭಾರೀ ಕರೆಂಟನ್ನು ಆಳಬೇಕು. ಕಾಲುವೆಯ ತೂಬನ್ನು ಒಬ್ಬನೇ ತಿರುಗಿಸಿ ಇಡೀ ನೀರಿನ ಹರಿವನ್ನು ಹೆಚ್ಚು ಕಡಿಮೆ ಮಾಡುತ್ತಾನಲ್ಲ, ಅಂಥದ್ದೊಂದು ತೂಬು ಬೇಕಿತ್ತು. ಕಬ್ಬಿಣ ಒಂದು ಮಿತಿಗಿಂತ ಹೆಚ್ಚು ಕಾಂತೀಯವಾಗಲಾರದು ಎಂಬ ಗುಣವನ್ನೇ ಬಳಸಿ ಅವರು ಮಾಡಿದ ತೂಬಿಗೆ ಮ್ಯಾಗ್ನೆಟಿಕ್ ಆಂಪ್ಲಿಫೈಯರ್ ಎಂದು ಹೆಸರು.

ಮೂರನೆಯದು ಆಂಟೆನಾ. ಜನರೇಟರ್‌ನಲ್ಲಿ ಉಳಿಸಿದ ಶಕ್ತಿ ಆಂಟೆನಾದಿಂದ ನೆಲಕ್ಕಿಳಿಯುವ ದಾರಿಯಲ್ಲಿ ಬಿಸಿಯಾಗಿ ಹೋಗುತ್ತಿತ್ತು. ಜಾತ್ರೆಯ ಜನವೆಲ್ಲ ಒಂದೇ ಬಾಗಿಲಲ್ಲಿ ನುಗ್ಗಿದರೆ ತಳ್ಳಾಟ ಆಗುತ್ತದೆ, ಆರು ಬಾಗಿಲು ತೆರೆದರೆ ಸಲೀಸು. ಅಲೆಕ್ಸಾಂಡರ್ಸನ್ ಆಂಟೆನಾವನ್ನು ಒಂದೇ ಕಡೆ ನೆಲಕ್ಕೆ ಜೋಡಿಸುವ ಬದಲು ಹಲವು ಕಡೆ ಜೋಡಿಸಿ ಆ ನಷ್ಟ ತಗ್ಗಿಸಿದರು.

ಮೊದಲ ಮಹಾಯುದ್ಧ ಶುರುವಾದೊಡನೆ ಬ್ರಿಟನ್ ಸಮುದ್ರದಡಿಯ ಜರ್ಮನ್ ಕೇಬಲ್‌ಗಳನ್ನು ಕತ್ತರಿಸಿತು. ತಂತಿ ನಂಬಿ ಕೂತರೆ ಏನಾಗುತ್ತದೆ ಎಂಬುದು ಎಲ್ಲ ದೇಶಗಳಿಗೂ ಅರ್ಥವಾಯಿತು. 1915ರಲ್ಲಿ ಮಾರ್ಕೋನಿ ತಾವೇ ಸ್ಕೆನೆಕ್ಟಡಿಗೆ ಬಂದು ಯಂತ್ರ ನೋಡಿದರು. ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್ ಕೇಂದ್ರದಲ್ಲಿ ಮೊದಲು 50 ಕಿಲೋವಾಟ್, ಆಮೇಲೆ 200 ಕಿಲೋವಾಟ್ ಯಂತ್ರ ಕೂತಿತು. ಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಮಾರ್ಕೋನಿ ಕಂಪನಿ ಈ ಯಂತ್ರದ ಪೂರ್ತಿ ಹಕ್ಕು ಕೇಳಿದಾಗ ಅಮೆರಿಕದ ನೌಕಾಪಡೆ ತಡೆಯಿತು. 1919ರಲ್ಲಿ ಆರ್‌ಸಿಎ ಎಂಬ ಅಮೆರಿಕನ್ ಕಂಪನಿ ಹುಟ್ಟಲು ಇದೇ ಮುಖ್ಯ ಕಾರಣ. ಅದರ ಮೊದಲ ಮುಖ್ಯ ಎಂಜಿನಿಯರ್ ಅಲೆಕ್ಸಾಂಡರ್ಸನ್.

ಕಳೆದುಹೋದ ಮಗು

1923ರ ಏಪ್ರಿಲ್ 30ರಂದು ಈ ಕಥೆ ಪ್ರಯೋಗಾಲಯದಿಂದ ಮನೆಗೆ ಬಂತು. ಅಲೆಕ್ಸಾಂಡರ್ಸನ್ ಅವರ ಆರು ವರ್ಷದ ಮಗ ವರ್ನರ್‌ನನ್ನು ಯಾರೋ ಅಪಹರಿಸಿದರು.

ಸ್ಕೆನೆಕ್ಟಡಿಯಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಡಬ್ಲ್ಯುಜಿವೈ ರೇಡಿಯೊ ಕೇಂದ್ರ ಶುರುವಾಗಿ ಒಂದು ವರ್ಷವಷ್ಟೇ ಆಗಿತ್ತು. ಅದರಲ್ಲಿ ಮಗುವಿನ ಸುದ್ದಿ, ಚಹರೆ ಪ್ರಸಾರವಾಯಿತು. ನ್ಯೂಯಾರ್ಕ್ ರಾಜ್ಯದ ಉತ್ತರದಲ್ಲಿರುವ ಥೆರೆಸಾ ಎಂಬ ಸಣ್ಣ ಊರಿನಲ್ಲಿ ಅದನ್ನು ಕೇಳಿದ ಒಬ್ಬರಿಗೆ ಅಲ್ಲಿ ಹೊಸದಾಗಿ ಬಂದಿಳಿದಿದ್ದ ಹುಡುಗನ ಮೇಲೆ ಅನುಮಾನ ಬಂತು. ಪೊಲೀಸರಿಗೆ ತಿಳಿಸಿದರು. ಕೆಲವೇ ದಿನಗಳಲ್ಲಿ ಮಗು ಕ್ಷೇಮವಾಗಿ ಮನೆ ಸೇರಿತು.

ಇದನ್ನು ಹಂಚಿಕೊಳ್ಳುವಾಗ ಜನ ಒಂದು ಒಗ್ಗರಣೆ ಸೇರಿಸುವುದುಂಟು: ತಂದೆಯ ಯಂತ್ರವೇ ಮಗನನ್ನು ಹುಡುಕಿಕೊಟ್ಟಿತು ಎಂದು. ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ಡಬ್ಲ್ಯುಜಿವೈ ನಡೆಯುತ್ತಿದ್ದದ್ದು ತಿರುಗುವ ಚಕ್ರದಿಂದಲ್ಲ, ಗಾಜಿನ ವಾಲ್ವ್‌ಗಳಿಂದ. ಆ ವಾಲ್ವ್‌ಗಳೇ ಅಲೆಕ್ಸಾಂಡರ್ಸನ್ ಯಂತ್ರವನ್ನು ಮೂಲೆಗೆ ತಳ್ಳುತ್ತಿದ್ದವು.

ಆ ಪ್ರಸಾರ ಫಲ ಕೊಟ್ಟದ್ದೇಕೆ ಎಂದು ಒಂದು ಕ್ಷಣ ಯೋಚಿಸಿ. ಸುದ್ದಿ ಎಲ್ಲಿಂದ ಬಂತು ಎಂದು ಕೇಳಿದವರಿಗೆ ಗೊತ್ತಿತ್ತು. ಅದು ಅದೇ ದಿನಗಳ ಸುದ್ದಿಯಾಗಿತ್ತು. ಕೇಳಿದವರು ಹತ್ತು ಜನರಿಗೆ ದಾಟಿಸಿ ಸುಮ್ಮನಾಗದೆ ಪೊಲೀಸರಿಗೆ ಹೇಳಿದರು. ನಮ್ಮ ಗುಂಪುಗಳಲ್ಲಿ ಓಡಾಡುವ ಕಾಣೆಯಾದ ಮಗುವಿನ ಸಂದೇಶಗಳಲ್ಲಿ ಎಷ್ಟೋ ಸಲ ದಿನಾಂಕವಿರುವುದಿಲ್ಲ, ಠಾಣೆಯ ಹೆಸರಿರುವುದಿಲ್ಲ. ಮಗು ಮನೆ ಸೇರಿ ಎಷ್ಟೋ ಕಾಲವಾದ ಮೇಲೂ ಫೋಟೊ ಸುತ್ತುತ್ತಲೇ ಇರುತ್ತದೆ.

ತನ್ನ ಯಂತ್ರದ ಎದುರಾಳಿಯನ್ನು ತಾನೇ ಕರೆತಂದವರು

ವಾಲ್ವ್ ವಿಷಯದಲ್ಲಿ ಅಲೆಕ್ಸಾಂಡರ್ಸನ್ ಪಾತ್ರ ವಿಚಿತ್ರವಾದದ್ದು. ಲೀ ಡಿ ಫಾರೆಸ್ಟ್ ಮಾಡಿದ ಆಡಿಯಾನ್ ಎಂಬ ಪುಟ್ಟ ವಾಲ್ವ್ ಬಗ್ಗೆ 1912ರಲ್ಲಿ ಅವರಿಗೆ ತಿಳಿಯಿತು. ಅದರಲ್ಲಿ ಏನೋ ಇದೆ ಎಂದು ಕಂಡು, ತಮ್ಮದೇ ಕಂಪನಿಯ ಪ್ರಯೋಗಾಲಯದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಮುಂದೆ ಇಟ್ಟರು. ಲ್ಯಾಂಗ್‌ಮ್ಯೂರ್ ಅದರೊಳಗಿನ ಗಾಳಿಯನ್ನು ಇನ್ನಷ್ಟು ಚೆನ್ನಾಗಿ ತೆಗೆದು, ಹೆಚ್ಚು ಶಕ್ತಿ ತಡೆಯುವಂತೆ ಬೆಳೆಸಿದರು. ತಿರುಗುವ ಭಾಗವಿಲ್ಲ, ಸವೆತವಿಲ್ಲ, ಚಕ್ರಕ್ಕೆ ಕನಸಿನಲ್ಲೂ ಆಗದಷ್ಟು ಎತ್ತರದ ಆವರ್ತನ. 1920ರ ದಶಕ ಮುಗಿಯುವ ಹೊತ್ತಿಗೆ ಖಂಡಾಂತರ ರೇಡಿಯೊ ವಾಲ್ವ್ ಮತ್ತು ಶಾರ್ಟ್‌ವೇವ್ ಪಾಲಾಗಿತ್ತು. ಇಪ್ಪತ್ತು ವರ್ಷ ಬೆವರು ಸುರಿಸಿ ಕಟ್ಟಿದ ಯಂತ್ರ ಹಳತಾಯಿತು.

ಆದರೂ ಒಂದು ಉಳಿದುಕೊಂಡಿದೆ, ಅದೂ ಅವರ ಹುಟ್ಟುನಾಡಿನಲ್ಲೇ. ಸ್ವೀಡನ್ನಿನ ವಾರ್‌ಬರ್ಗ್ ಬಳಿಯ ಗ್ರಿಮೆಟೋನ್‌ನಲ್ಲಿ 127 ಮೀಟರ್ ಎತ್ತರದ ಆರು ಗೋಪುರಗಳ ಕೇಂದ್ರ 1924ರಲ್ಲಿ ಅಮೆರಿಕಕ್ಕೆ ಸಂದೇಶ ಕಳಿಸತೊಡಗಿತು. ಅಲ್ಲಿನ ಚಕ್ರದಲ್ಲಿ 488 ಹಲ್ಲು, ನಿಮಿಷಕ್ಕೆ ಸುಮಾರು 2,115 ಸುತ್ತು. ಫೋನಿನ ಕ್ಯಾಲ್ಕುಲೇಟರ್ ತೆಗೆದು ಎರಡನ್ನೂ ಗುಣಿಸಿ 60ರಿಂದ ಭಾಗಿಸಿ. ಸೆಕೆಂಡಿಗೆ 17,200 ಆವರ್ತ, ಅಂದರೆ 17.2 ಕಿಲೋಹರ್ಟ್ಸ್ ಸಿಗುತ್ತದೆ. ಒಂದೊಂದು ಅಲೆಯ ಉದ್ದ 17 ಕಿಲೋಮೀಟರ್‌ಗೂ ಹೆಚ್ಚು.

ಇಷ್ಟು ಉದ್ದದ ಅಲೆಗಳು ಸಮುದ್ರದ ನೀರಿನೊಳಗೂ ಕೆಲವು ಮೀಟರ್ ಇಳಿಯುತ್ತವೆ. ಹಾಗಾಗಿ ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸಲು ಈ ಕೆಳ ಆವರ್ತನ ಇಂದಿಗೂ ಬೇಕು. ತಮಿಳುನಾಡಿನ ತಿರುನಲ್ವೇಲಿ ಕಡೆಯ ಐಎನ್‌ಎಸ್ ಕಟ್ಟಬೊಮ್ಮನ್ ನೌಕಾ ಕೇಂದ್ರ ಮಾಡುವುದೂ ಇದೇ ಕೆಲಸ, ಇಂದಿನ ಎಲೆಕ್ಟ್ರಾನಿಕ್ಸ್ ಬಳಸಿ. ಗ್ರಿಮೆಟೋನ್ ಯಂತ್ರ ಬದುಕುಳಿದದ್ದಕ್ಕೂ ಸ್ವೀಡನ್ ನೌಕಾಪಡೆಗಿದ್ದ ಇದೇ ಅಗತ್ಯ ನೆರವಾಯಿತು. 2004ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ವರ್ಷಕ್ಕೆ ಕೆಲವೇ ಸಲ, ಬೇಸಿಗೆಯ ಅಲೆಕ್ಸಾಂಡರ್ಸನ್ ದಿನ ಮತ್ತು ಕ್ರಿಸ್‌ಮಸ್ ಹೊತ್ತಿಗೆ, ಆ ಚಕ್ರವನ್ನು ತಿರುಗಿಸಿ ಮೋರ್ಸ್ ಸಂದೇಶ ಕಳಿಸುತ್ತಾರೆ. ಈ ಬಗೆಯ ಯಂತ್ರಗಳಲ್ಲಿ ಇನ್ನೂ ಕೆಲಸ ಮಾಡುತ್ತಿರುವುದು ಇದೊಂದೇ.

ಚಕ್ರದಿಂದ ಚಾರ್ಜರ್‌ಗೆ

ಯಂತ್ರ ಹಳತಾದರೂ ಅಲೆಕ್ಸಾಂಡರ್ಸನ್ ಕೆಲಸ ನಿಲ್ಲಲಿಲ್ಲ. 1928ರಲ್ಲಿ ಸ್ಕೆನೆಕ್ಟಡಿಯಲ್ಲಿ ಟಿವಿ ಪ್ರದರ್ಶನ ಕೊಟ್ಟರು. 1930ರ ದಶಕದಲ್ಲಿ ಮತ್ತೆ ಹಳೆಯ ಪ್ರಶ್ನೆಗೇ ಮರಳಿದರು: ಒಂದು ಬಗೆಯ ಕರೆಂಟನ್ನು ಇನ್ನೊಂದು ಬಗೆಗೆ, ತಿರುಗುವ ಭಾಗವೇ ಇಲ್ಲದೆ, ಕಡಿಮೆ ನಷ್ಟದಲ್ಲಿ ಬದಲಾಯಿಸುವುದು ಹೇಗೆ? ಮೆಕ್ಯಾನಿಕ್‌ವಿಲ್ ಎಂಬ ಊರಿನ ಜಲವಿದ್ಯುತ್ ಕೇಂದ್ರದಲ್ಲಿ ಹುಟ್ಟುತ್ತಿದ್ದ 40 ಆವರ್ತದ ಎಸಿ ಕರೆಂಟನ್ನು ಡಿಸಿ ಮಾಡಿ, ಸ್ಕೆನೆಕ್ಟಡಿಗೆ ಸಾಗಿಸಿ, ಅಲ್ಲಿ 60 ಆವರ್ತದ ಎಸಿ ಮಾಡುವ ಪ್ರಯೋಗ 1936ರಲ್ಲಿ ಶುರುವಾಯಿತು. ಅದರ ಹಿಂದಿದ್ದವರು ಅವರೇ. ಇಂದು ಪವರ್ ಎಲೆಕ್ಟ್ರಾನಿಕ್ಸ್ ಎಂದು ಕರೆಯುವ ವಿದ್ಯೆಯ ಮೊದಲ ಹೆಜ್ಜೆಗಳಲ್ಲಿ ಇದೂ ಒಂದು.

ನಿಮ್ಮ ಚಾರ್ಜರ್ ಮಾಡುವುದೂ ಇಂಥದ್ದೇ. 50 ಆವರ್ತದ ಎಸಿಯನ್ನು ಮೊದಲು ಡಿಸಿ ಮಾಡುತ್ತದೆ. ಅದನ್ನು ಸೆಕೆಂಡಿಗೆ ಹತ್ತಾರು ಸಾವಿರದಿಂದ ಲಕ್ಷಾಂತರ ಸಲ ಕತ್ತರಿಸುತ್ತದೆ. ಆಮೇಲೆ ಫೋನಿಗೆ ಬೇಕಾದಷ್ಟು ತಗ್ಗಿಸುತ್ತದೆ. ಆವರ್ತನ ಹೆಚ್ಚಿದಷ್ಟೂ ಒಳಗಿನ ಟ್ರಾನ್ಸ್‌ಫಾರ್ಮರ್ ಚಿಕ್ಕದಾಗುತ್ತದೆ; ಹಳೆಯ ಚಾರ್ಜರ್‌ಗಳು ಕಲ್ಲಿನಷ್ಟು ಭಾರ ಇದ್ದದ್ದು ಅವು 50 ಆವರ್ತದಲ್ಲೇ ಕೆಲಸ ಮಾಡುತ್ತಿದ್ದುದರಿಂದ. ಆದರೆ ಆವರ್ತನ ಹೆಚ್ಚಿದಷ್ಟೂ ಪ್ರತಿ ಕತ್ತರಿಕೆಯಲ್ಲಿ ಆಗುವ ಸಣ್ಣ ಸಣ್ಣ ನಷ್ಟಗಳು ಸೇರಿ ಬಿಸಿ ಏರುತ್ತದೆ. ಕಬ್ಬಿಣದ ತೆಳು ಹಾಳೆಯ ಜಾಗದಲ್ಲಿ ಈಗ ಫೆರೈಟ್ ಇದೆ, ವಾಲ್ವ್ ಜಾಗದಲ್ಲಿ ಸಿಲಿಕಾನ್ ಅಥವಾ ಗ್ಯಾಲಿಯಂ ನೈಟ್ರೈಡ್ ಇದೆ. ಹಗ್ಗಜಗ್ಗಾಟ ಮಾತ್ರ ಅದೇ.

ಅಲೆಕ್ಸಾಂಡರ್ಸನ್‌ಗೆ ಬೆಟ್ಟದಂತೆ ಕಂಡಿದ್ದ ಸೆಕೆಂಡಿಗೆ ಒಂದು ಲಕ್ಷ ಎಂಬ ಸಂಖ್ಯೆ ಈಗ ನಿಮ್ಮ ಮುಷ್ಟಿಯೊಳಗಿದೆ. 4ಜಿ, 5ಜಿ ಫೋನಿನೊಳಗಿನ ರೇಡಿಯೊ ಆಂಪ್ಲಿಫೈಯರ್‌ನಲ್ಲೂ ಇದೇ ಚಿಂತೆ. ಅದಕ್ಕೆ ಸದಾ ಪೂರ್ತಿ ವೋಲ್ಟೇಜ್ ಕೊಟ್ಟರೆ ಬ್ಯಾಟರಿ ಬಿಸಿಯಾಗಿ ಪೋಲಾಗುತ್ತದೆ. ಹಾಗಾಗಿ ಅನೇಕ ಫೋನ್‌ಗಳಲ್ಲಿ ಒಂದು ಚಿಕ್ಕ ಪರಿವರ್ತಕ, ಸಿಗ್ನಲ್ ಏರಿದಾಗ ವೋಲ್ಟೇಜ್ ಏರಿಸಿ, ಇಳಿದಾಗ ಇಳಿಸಿ ಶಕ್ತಿ ಉಳಿಸುತ್ತದೆ. ಆ ಹಳೆಯ ತೂಬಿನ ನೆನಪಾಗದಿರದು.

ಅಲೆಕ್ಸಾಂಡರ್ಸನ್ 1948ರಲ್ಲಿ ನಿವೃತ್ತರಾದರು, ಆದರೆ ಪೇಟೆಂಟ್ ಪಡೆಯುವುದನ್ನು ಬಿಡಲಿಲ್ಲ. ಒಟ್ಟು 340ಕ್ಕೂ ಹೆಚ್ಚು ಪೇಟೆಂಟ್‌ಗಳು ಅವರ ಹೆಸರಿನಲ್ಲಿವೆ. 1975ರ ಮೇ 14ರಂದು, 97ನೆಯ ವಯಸ್ಸಿನಲ್ಲಿ, ಸ್ಕೆನೆಕ್ಟಡಿಯಲ್ಲೇ ತೀರಿಕೊಂಡರು.

ಫಾರ್ವರ್ಡ್ ಮಾಡುವ ಮುನ್ನ ಇಷ್ಟು ನೆನಪಿರಲಿ

ರೇಡಿಯೊವನ್ನು ಯಾರೋ ಒಬ್ಬರೇ ಕಂಡುಹಿಡಿದರು ಎಂಬ ಸಂದೇಶ ಅರ್ಧಸತ್ಯ. ಒಬ್ಬರು ದಾರಿ ತೋರಿದರು, ಇನ್ನೊಬ್ಬರು ಬೇಡಿಕೆ ಇಟ್ಟರು, ಮತ್ತೊಬ್ಬರು ಕಟ್ಟಿಕೊಟ್ಟರು.

1906ರ ಕ್ರಿಸ್‌ಮಸ್ ಪ್ರಸಾರದ ಕಥೆ ಸಾಬೀತಾಗಿಲ್ಲ. ಅಲೆಕ್ಸಾಂಡರ್ಸನ್ ಮಗ ರೇಡಿಯೊ ಪ್ರಸಾರದಿಂದ ಸಿಕ್ಕಿದ್ದು ನಿಜ, ತಂದೆಯ ಚಕ್ರದಿಂದ ಸಿಕ್ಕಿದ್ದಲ್ಲ.

ಕಾಣೆಯಾದ ಮಗುವಿನ ಸಂದೇಶ ಬಂದರೆ ದಿನಾಂಕ ಮತ್ತು ಠಾಣೆ ನೋಡಿ. ಆತಂಕದಲ್ಲಿರುವ ಮಗು ನಿಮ್ಮ ಕಣ್ಣಿಗೇ ಬಿದ್ದರೆ ಫೋಟೊ ಹಂಚುತ್ತಾ ಕೂರಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಪೊಲೀಸರಿಗೆ ಕರೆ ಮಾಡಿ.

ಚಾರ್ಜರ್ ಬೆಚ್ಚಗಿದ್ದರೆ ಗಾಬರಿ ಬೇಡ. ಮುಟ್ಟಲಾಗದಷ್ಟು ಸುಡುತ್ತಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆಯಿರಿ, ಮತ್ತೆ ಅದನ್ನು ಬಳಸಬೇಡಿ.